ಮಾರಿಬಿಟ್ಟ ಹಾಯಿದೋಣಿ ಈಗ ಎಲ್ಲಿದೆ? ಸರ್ವೇಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಸಲ ಪ್ರಶ್ನೆಗಳಿಗೆ ಉತ್ತರಿಸುವವರು ನಮ್ಮ ಬಳಗದ ಮೆರೈನ್ ಸರ್ವೇಯರ್. ಹುಟ್ಟೂರು ಮಲ್ಪೆ, ಈಗ ಇರುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಹಳೆ ದೋಣಿ ಕೊಳ್ಳುವವರ ಪರವಾಗಿ ಅದರ ಮೈ ತಟ್ಟಿ ನೋಡುವುದು, ಕಾಗದಪತ್ರ ತಿರುವಿ ಹಾಕುವುದು ಇವರ ಕೆಲಸ. ಹಿಂದೆ ನಿಮ್ಮದಾಗಿದ್ದ, ಅಥವಾ ನೀವು ಓಡಿಸಿದ್ದ ಹಾಯಿದೋಣಿಯನ್ನು ಪತ್ತೆ ಹಚ್ಚುವ ಬಗ್ಗೆ ಏನು ಬೇಕಾದರೂ ಕೇಳಿ.

ಪ್ರಶ್ನೆ (ಲೆಸ್ಟರ್‌ನಿಂದ): ನಮಸ್ಕಾರ ಸರ್. ನಾನು ರಿಟೈರ್ಡ್ ಡಾಕ್ಟರ್. ಊರು ದಾವಣಗೆರೆ. ಭದ್ರಾ ನಾಲೆ ಬಿಟ್ಟರೆ ಬೇರೆ ನೀರು ಕಂಡವನಲ್ಲ. 1986ರಲ್ಲಿ ಆಸ್ಪತ್ರೆಯ ಸಹೋದ್ಯೋಗಿಯೊಬ್ಬರಿಂದ ಒಂದು ಹಳೆಯ ಮಿರರ್ ಡಿಂಗಿ, ಅಂದರೆ ಪುಟ್ಟ ಹಾಯಿದೋಣಿ, ಕೊಂಡೆ. ಪ್ಲೈವುಡ್ ದೋಣಿ, ಕೆಂಪು ಹಾಯಿ. ರಟ್ಲೆಂಡ್ ವಾಟರ್ ಜಲಾಶಯದಲ್ಲಿ ಎಂಟು ಬೇಸಿಗೆ ಓಡಿಸಿದೆವು. 1994ರಲ್ಲಿ ಮನೆ ಬದಲಿಸಿದಾಗ ಇಡಲು ಜಾಗ ಇಲ್ಲದೆ ಮಾರಿದೆ. ಕೊಂಡವರು ನಾರ್ಫೋಕ್ ಕಡೆಯವರು, ಹೆಸರು ಮರೆತಿದ್ದೇನೆ. ಈಗ ಮೊಮ್ಮಗ ದೋಣಿ ಓಡಿಸುವುದನ್ನು ಕಲಿಯುತ್ತಿದ್ದಾನೆ. ಅದೇ ದೋಣಿ ಸಿಕ್ಕರೆ ಅವನಿಗೆ ಕೊಡಿಸಬೇಕು ಅಂತ ಆಸೆ. ನಾವು ಅದಕ್ಕೆ 'ಕಾವೇರಿ' ಅಂತ ಹೆಸರಿಟ್ಟಿದ್ದೆವು. ಆ ಹೆಸರು ಹಾಕಿ ಗೂಗಲ್ ಮಾಡಿದರೆ ಬರೀ ನೀರಿನ ಜಗಳ ಬರುತ್ತದೆ. ಒಂದು ಗುರುತು ಇದೆ: (ಸರ್ವೇಯರ್ ಹೇಳಿದ ಮೇಲೆ ಇಲ್ಲಿದ್ದ ಎರಡು ಸಾಲು ಅಳಿಸಿದ್ದೇನೆ.)

ಉತ್ತರ: ಡಾಕ್ಟ್ರೇ, ಮೊದಲು ಆ ಗುರುತಿನ ಸಾಲುಗಳನ್ನು ಅಳಿಸಿ. ನೀವು ಇಷ್ಟು ಆಸೆಯಿಂದ ಹುಡುಕುತ್ತಿದ್ದೀರಿ ಅಂತ ಗೊತ್ತಾದರೆ ಊರಲ್ಲಿರುವ ಪ್ರತಿ ಹಳೆ ಮಿರರ್ ಕೂಡ ನಿಮ್ಮ ಕಾವೇರಿ ಆಗಿಬಿಡುತ್ತದೆ. ಯಾರಾದರೂ "ನನ್ನ ಹತ್ತಿರ ಇದೆ" ಅಂದರೆ, ದೋಣಿಯ ಆ ಜಾಗದ ಫೋಟೋ ಕಳಿಸಿ ಅನ್ನಿ. ಅಲ್ಲಿ ಏನಿರಬೇಕು ಅಂತ ಮಾತ್ರ ಬಾಯಿ ಬಿಡಬೇಡಿ.

ಈಗ ಹುಡುಕುವ ವಿಷಯ. ಹೆಸರನ್ನು ನಂಬಿ ಹೊರಡಬೇಡಿ. ದೋಣಿ ಕೈ ಬದಲಾದ ಮರುದಿನವೇ ಹೊಸ ಯಜಮಾನ ಹಳೆ ಹೆಸರು ಕೆರೆದು ಹಾಕುತ್ತಾನೆ. ಉಳಿಯುವುದು ನಂಬರ್. ಮಿರರ್ ಶುರುವಾಗಿದ್ದು 1963ರಲ್ಲಿ, 'ಡೈಲಿ ಮಿರರ್' ಪತ್ರಿಕೆಯ ಹೆಸರಲ್ಲಿ. ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಮಾಡಿದ ವಿನ್ಯಾಸ. ಉದ್ದ 10 ಅಡಿ 10 ಇಂಚು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿ ಮನೆಯಲ್ಲೇ ಕಟ್ಟಿಕೊಳ್ಳುವ ದೋಣಿ. ಇಲ್ಲಿಯವರೆಗೆ 70,000ಕ್ಕೂ ಹೆಚ್ಚು ಆಗಿವೆ. ಅಷ್ಟರಲ್ಲಿ ನಿಮ್ಮದನ್ನು ಹುಡುಕಲು ಶುರು ಮಾಡಬೇಕಾದ್ದು ಹಾಯಿಯ ಮೇಲಿನ ನಂಬರ್‌ನಿಂದ.

ನಂಬರ್ ನೆನಪಿಲ್ಲ ಅಲ್ವಾ? ಯಾರಿಗೂ ಇರುವುದಿಲ್ಲ. ಆಲ್ಬಂ ತೆಗೆಯಿರಿ. ದೋಣಿಯ ಫೋಟೋ ಅಂತಲೇ ಹುಡುಕಬೇಡಿ, ಮಕ್ಕಳ ಫೋಟೋ ನೋಡಿ. ಮಗು ಐಸ್‌ಕ್ರೀಂ ತಿನ್ನುತ್ತಿರುತ್ತದೆ, ಹಿಂದೆ ಹಾಯಿಯ ಒಂದು ಮೂಲೆ ಸಿಕ್ಕಿರುತ್ತದೆ. ಇನ್ನೊಂದು: ನಂಬರ್ ಹಾಯಿಯ ಎರಡೂ ಬದಿಗೆ ಇರುತ್ತದೆ, ಬಲಬದಿಯದು ಸ್ವಲ್ಪ ಮೇಲೆ, ಎಡಬದಿಯದು ಸ್ವಲ್ಪ ಕೆಳಗೆ. ಬಿಸಿಲಿಗೆ ಎದುರಾಗಿ ತೆಗೆದ ಫೋಟೋದಲ್ಲಿ ಆಚೆ ಬದಿಯ ಅಂಕಿಗಳು ಬಟ್ಟೆಯ ಒಳಗಿಂದ ಉಲ್ಟಾ ಕಾಣಿಸುತ್ತವೆ. ನೆಗೆಟಿವ್ ಇದ್ದರೆ ಸ್ಕ್ಯಾನ್ ಮಾಡಿಸಿ, ಎಡಬಲ ತಿರುಗಿಸಿ ಓದಿ.

ನಂಬರ್ ಸಿಕ್ಕ ಮೇಲೆ ಮೂರು ಬಾಗಿಲು ತಟ್ಟಿ. ಒಂದು, ಮಿರರ್ ಮಾಲೀಕರ ಸಂಘ, ಅಂದರೆ ಕ್ಲಾಸ್ ಅಸೋಸಿಯೇಷನ್. ರೇಸಿಗೆ ಅಳತೆ ಮಾಡಿಸಿದ ದೋಣಿಯಾದರೆ ಕಾಗದ ಇರುವ ಸಾಧ್ಯತೆ ಇದೆ. ಎರಡು, ಸೇಲಿಂಗ್ ಕ್ಲಬ್ಬುಗಳ ಹಳೆಯ ರೇಸ್ ಫಲಿತಾಂಶ. ಅದರಲ್ಲಿ ಹಾಯಿ ನಂಬರ್ ಪಕ್ಕದಲ್ಲೇ ಓಡಿಸಿದವರ ಹೆಸರು ಬರೆಯುತ್ತಾರೆ. ಮೂರು, ಕೊಂಡವರು ನಾರ್ಫೋಕಿನವರು ಅಂದಿರಲ್ಲ. ಇಲ್ಲಿ ಡಿಂಗಿಗೆ ನಮ್ಮ ಊರಿನ ಬೈಕಿಗಿರುವ ಹಾಗೆ ಆರ್‌ಸಿ ಪುಸ್ತಕ ಇರುವುದಿಲ್ಲ. ಆದರೆ ನಾರ್ಫೋಕ್ ಬ್ರಾಡ್ಸ್, ಅಂದರೆ ಅಲ್ಲಿನ ಕೆರೆ-ನದಿಗಳ ನೀರಿಗೆ ಕಾಯಂ ಇಳಿಸಿದರೆ ಅಲ್ಲಿನ ಬ್ರಾಡ್ಸ್ ಅಥಾರಿಟಿಗೆ ಟೋಲ್ ಕಟ್ಟಬೇಕು, ಅವರ ನಂಬರ್ ಹಾಕಿಸಬೇಕು. ಮಾಲೀಕರ ವಿಳಾಸ ನಿಮಗೆ ಕೊಡುವುದಿಲ್ಲ, ಕೇಳಲೂ ಬೇಡಿ. "ಈ ಕಾಗದವನ್ನು ಅವರಿಗೆ ತಲುಪಿಸಲು ಆಗುತ್ತದಾ?" ಅಂತ ಕೇಳಿ ನೋಡಿ.

ಡಾಕ್ಟರು: ಸರ್, ಸಿಕ್ಕಿತು! ನೀವು ಹೇಳಿದ್ದು ಸರಿ. ಮಗಳ ಹುಟ್ಟುಹಬ್ಬದ ಫೋಟೋ ಹಿಂದೆ ಹಾಯಿ. ಐದಂಕಿ. ಕೊನೆಯದು ಮಾತ್ರ 3 ಇರಬಹುದು, 8 ಇರಬಹುದು.

ಉತ್ತರ: ಎರಡನ್ನೂ ಹುಡುಕಿ. ಕೊನೆ ಅಂಕಿ ಯಾವುದು ಅಂತ ಹಟ ಹಿಡಿದು ಕೂರಬೇಡಿ. ಒಬ್ಬರು 1ನ್ನು 7 ಅಂತ ಓದಿಕೊಂಡು ಎರಡು ವರ್ಷ ಬೇರೆಯವರ ದೋಣಿ ಹಿಂದೆ ಬಿದ್ದಿದ್ದು ನನಗೆ ಗೊತ್ತು.

ಪ್ರಶ್ನೆ (ಕ್ಯಾಲಿಫೋರ್ನಿಯಾದಿಂದ): ಹಾಯ್ ಸರ್. 2003ರಿಂದ 2009ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ನಾನೂ ಇಬ್ಬರು ಗೆಳೆಯರೂ ಸೇರಿ ಒಂದು ಕ್ಯಾಟಲಿನಾ 30 ಹಾಯಿದೋಣಿ ಇಟ್ಟುಕೊಂಡಿದ್ದೆವು. ಕೆಲಸ ಹೋದಾಗ ಮಾರಿದೆವು. ಇನ್ಶೂರೆನ್ಸ್ ಕಾಗದದಲ್ಲಿ 12 ಅಕ್ಷರದ ಏನೋ ಒಂದು ಕೋಡ್ ಇದೆ. ಪ್ರಯೋಜನ ಇದೆಯಾ?

ಉತ್ತರ: ಇದೆ, ಜೋಪಾನವಾಗಿಡಿ. ಅದು ದೋಣಿಯ ಒಡಲಿನ ನಂಬರ್. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಕಡ್ಡಾಯ. ಹಿಂಬದಿಯ ಹಲಗೆಯ ಬಲ ಮೇಲ್ಮೂಲೆಯಲ್ಲಿ ಅಚ್ಚೊತ್ತಿರುತ್ತಾರೆ. ಮೊದಲ ಮೂರು ಅಕ್ಷರ ಕಟ್ಟಿದ ಕಂಪನಿಯದು. ಕ್ಯಾಟಲಿನಾ ಆದರೆ ಸಿ-ಟಿ-ವೈ. ಮುಂದಿನ ಐದು ದೋಣಿಯ ಸ್ವಂತ ಸಂಖ್ಯೆ, ಕೊನೆಯಲ್ಲಿ ಕಟ್ಟಿದ ಕಾಲ. ಬಣ್ಣ ಬಳಿದರೂ, ಹೆಸರು ಬದಲಿಸಿದರೂ ಅದು ಅದೇ.

ನಿಮಗೆ ಇನ್ನೊಂದು ಅನುಕೂಲ ಇದೆ. 5 ನೆಟ್ ಟನ್ ದಾಟಿದ ದೋಣಿಯನ್ನು ಕೋಸ್ಟ್ ಗಾರ್ಡ್‌ನಲ್ಲಿ ದಾಖಲಿಸಬಹುದು, ಕ್ಯಾಟಲಿನಾ 30 ಆ ಲೆಕ್ಕಕ್ಕೆ ಬರುತ್ತದೆ. ಹಾಗೆ ದಾಖಲಾಗಿದ್ದರೆ ಅದಕ್ಕೊಂದು ಅಫಿಷಿಯಲ್ ನಂಬರ್ ಇರುತ್ತದೆ. ದುಡ್ಡು ಕಟ್ಟಿ ಅದರ ಮಾಲೀಕತ್ವದ ಇತಿಹಾಸದ ಪ್ರತಿ ತರಿಸಿಕೊಳ್ಳಬಹುದು, ನಮ್ಮಲ್ಲಿ ಜಮೀನಿಗೆ ಇ.ಸಿ. ತೆಗೆಸುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ದೋಣಿ ಮೂತಿಯ ಮೇಲೆ ಸಿಎಫ್ ಅಂತ ಶುರುವಾಗುವ ನಂಬರ್ ಇತ್ತು ಅಂದರೆ ಅದು ರಾಜ್ಯದ ರಿಜಿಸ್ಟ್ರೇಷನ್. ಆಗ ದಾರಿ ಕಷ್ಟ, ಡಿಎಂವಿಯವರು, ಅಂದರೆ ಅಲ್ಲಿನ ಆರ್‌ಟಿಒ ಥರದ ಇಲಾಖೆಯವರು, ಈಗಿನ ಮಾಲೀಕರ ವಿವರ ಸುಮ್ನೆ ಕೊಡುವುದಿಲ್ಲ. ಅಂಥ ಹೊತ್ತಿನಲ್ಲಿ ಹಳೆಯ ಮರೀನಾಕ್ಕೆ ಹೋಗಿ ಪಕ್ಕದ ಜಾಗದಲ್ಲಿ ದೋಣಿ ನಿಲ್ಲಿಸುತ್ತಿದ್ದವರನ್ನು ವಿಚಾರಿಸಿ. ಆಫೀಸಿನವರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ (ಮಂಗಳೂರಿನಿಂದ): ಅಣ್ಣಾ, ನಮ್ಮದು ಡಿಂಗಿ ಪಂಗಿ ಅಲ್ಲ. ಅಜ್ಜನ ಮಂಜಿ, ಸರಕು ಸಾಗಿಸುವ ಹಾಯಿಹಡಗು. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಹೆಂಚು ಒಯ್ದು ಕೊಬ್ಬರಿ ತರುತ್ತಿತ್ತಂತೆ. 1960ರ ದಶಕದ ಕೊನೆಗೆ ಮಾರಿದ್ದಾರೆ. ಅದರ ಕಥೆ ಸಿಗಬಹುದಾ?

ಉತ್ತರ: ಒಳ್ಳೆ ಪ್ರಶ್ನೆ ಮಾರಾಯ್ರೆ. ಡಾಕ್ಟರ ಡಿಂಗಿಗಿಂತ ನಿಮ್ಮ ಮಂಜಿಗೇ ಸರ್ಕಾರಿ ಕಾಗದ ಜಾಸ್ತಿ. 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ ಹಾಯಿಹಡಗುಗಳಿಗೇ ಒಂದು ಭಾಗ ಇತ್ತು. ಸರಕು ಸಾಗಿಸುವ ಹಡಗು ರಿಜಿಸ್ಟರ್ ಆಗಲೇಬೇಕಿತ್ತು. ಹೆಸರು, ಟನ್ ಲೆಕ್ಕ, ಧಣಿ ಯಾರು, ಯಾವ ಬಂದರಿನದು ಎಲ್ಲ ಬರೆಯಬೇಕು. ಮಾರಿದರೆ ಅದೂ ದಾಖಲಾಗಬೇಕು. ಮನೆಯ ಪೆಟ್ಟಿಗೆಯಲ್ಲಿ ರಿಜಿಸ್ಟ್ರಿ ಸರ್ಟಿಫಿಕೇಟ್, ಮಾರಾಟದ ಚೀಟಿ, ಬಂದರಿನ ರಸೀದಿ ಏನಾದರೂ ಇದೆಯಾ ನೋಡಿ. ಹಡಗಿನ ನಂಬರ್ ಒಂದು ಸಿಕ್ಕರೆ ಬಂದರು ಇಲಾಖೆಯಲ್ಲಿ ಆರ್‌ಟಿಐ ಹಾಕಬಹುದು. ಬರೀ "ನಮ್ಮಜ್ಜನ ಮಂಜಿ" ಅಂತ ಹಾಕಿದರೆ "ದಾಖಲೆ ಲಭ್ಯವಿಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತದೆ, ಅಷ್ಟೇ.

ಕಾಗದಕ್ಕಿಂತ ಮೊದಲು ತಂಡೇಲರ, ಅಂದರೆ ಹಡಗು ನಡೆಸಿದವರ, ಮನೆ ಹುಡುಕಿ. ಅಜ್ಜ ಧಣಿ, ಸರಿ. ಆದರೆ ಹಡಗು ಮಾರಿದ ಮೇಲೂ ಅದರ ಸುದ್ದಿ ಇಟ್ಟುಕೊಂಡಿರುವವರು ಅದನ್ನು ನಡೆಸಿದವರೇ. ಆಮೇಲೆ ಎಂಜಿನ್ ಕೂರಿಸಿ, ಹಾಯಿ ಕಟ್ಟುವ ಕೂವೆಮರ ಮೋಟು ಮಾಡಿದ್ದರೆ ನಿಮ್ಮ ಅಜ್ಜನೇ ಎದ್ದು ಬಂದರೂ ಗುರುತು ಹಿಡಿಯುವುದು ಕಷ್ಟ.

ಪ್ರಶ್ನೆ (ಮೈಸೂರಿನಿಂದ): ಎನ್‌ಸಿಸಿ ನೇವಲ್ ವಿಂಗ್‌ನಲ್ಲಿದ್ದಾಗ ಎಂಟರ್‌ಪ್ರೈಸ್ ಡಿಂಗಿ ಓಡಿಸಿದ್ದೆ. ನೀಲಿ ಹಾಯಿ. ಅದನ್ನೂ ಹುಡುಕಬಹುದಾ ಸರ್?

ಉತ್ತರ: ನೀಲಿ ಹಾಯಿ ಅಂದ ಕೂಡಲೇ ಕಣ್ಣ ಮುಂದೆ ಬಂತು ಮೇಡಂ. ಅದೂ ಜಾಕ್ ಹೋಲ್ಟ್ ವಿನ್ಯಾಸವೇ, 1956ರದು. 1982ರ ಏಷ್ಯನ್ ಗೇಮ್ಸ್‌ನಲ್ಲಿ ಮುಂಬೈ ಸಮುದ್ರದಲ್ಲಿ ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಚಿನ್ನ ಗೆದ್ದಿದ್ದು ಇದೇ ದೋಣಿಯಲ್ಲಿ. ಆದರೆ ನಿಮ್ಮದು ಸರ್ಕಾರದ ಸೊತ್ತು. ಕಂಡಮ್ ಮಾಡಿ ಲಾಟ್‌ನಲ್ಲಿ ಹರಾಜು ಹಾಕಿದರೆ ಗುಜರಿಯವನು ಹಾಯಿ ನಂಬರ್ ಬರೆದಿಡುವುದಿಲ್ಲ. ನಿಮ್ಮ ಬ್ಯಾಚಿನವರ ಹತ್ತಿರ ಫೋಟೋ ಕೇಳಿ, ಅದೇ ಸಿಗುವ ದೋಣಿ.

ಪ್ರಶ್ನೆ (ಮೈಸೂರಿನವರೇ): ಡಾಕ್ಟರ ದೋಣಿ ಪ್ಲೈವುಡ್. ಇಷ್ಟು ವರ್ಷ ಮರ ಉಳಿದಿರುತ್ತದಾ?

ಉತ್ತರ: ಎಲ್ಲಿ ಇಟ್ಟಿದ್ದರು ಅನ್ನುವುದರ ಮೇಲೆ ಹೋಗುತ್ತದೆ. ಮರದ ದೋಣಿಗೆ ಉಪ್ಪುನೀರಿಗಿಂತ ಮಳೆನೀರು ಅಪಾಯ. ಹೊದಿಕೆ ಇಲ್ಲದೆ ಬಾಯಿ ಮೇಲೆ ಮಾಡಿ ಎರಡು ಚಳಿಗಾಲ ಬಿಟ್ಟರೆ ಮೂಲೆಯಲ್ಲಿ ನೀರು ನಿಂತು ಪ್ಲೈವುಡ್ ಪದರ ಪದರ ಬಿಚ್ಚಿಕೊಳ್ಳುತ್ತದೆ. ಬೆರಳಲ್ಲಿ ಒತ್ತಿದರೆ ನೆನೆದ ರಸ್ಕ್ ಥರ ಒಳಗೆ ಹೋಗುತ್ತದೆ. ಗ್ಯಾರೇಜಿನಲ್ಲಿ ಕವುಚಿ ಇಟ್ಟಿದ್ದರೆ ನೂರಕ್ಕೆ ನೂರು ಉಳಿದಿರುತ್ತದೆ ಅನ್ನಲಾರೆ, ಆಸೆ ಇಟ್ಟುಕೊಳ್ಳಬಹುದು.

ತೀರಾ ಒಣಗಿಸಿದರೂ ತಪ್ಪು. ಸುಹೇಲಿ ಹೆಸರು ಕೇಳಿದ್ದೀರಾ? ಮುಂಬೈನಲ್ಲಿ ತೇಗದ ಮರದಲ್ಲಿ ಕಟ್ಟಿದ 32 ಅಡಿಯ ದೋಣಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ 1968ರ ಜೂನ್ 14ಕ್ಕೆ ಫಾಲ್ಮತ್‌ನಿಂದ ಹೊರಟು, ಎಲ್ಲೂ ನಿಲ್ಲದೆ ಒಬ್ಬರೇ ಪ್ರಪಂಚ ಸುತ್ತಿ 1969ರ ಏಪ್ರಿಲ್ 22ಕ್ಕೆ ವಾಪಸ್ ಬಂದರು. 312 ದಿನ. ಆಮೇಲೆ ಅದನ್ನು ಗ್ರೀನಿಚ್‌ನ ಮ್ಯೂಸಿಯಂನಲ್ಲಿ ಇಟ್ಟರು. ಅಲ್ಲಿನ ಒಣ ಗಾಳಿಗೆ ಹಲಗೆಗಳು ಕುಗ್ಗತೊಡಗಿದವು. ಅವರೇ ಅದನ್ನು ಹೊರಗೆ ತಂದು ರಿಪೇರಿ ಮಾಡಿ ಮತ್ತೆ ನೀರಿಗೆ ಬಿಟ್ಟರು. ಅಷ್ಟು ಸಮುದ್ರ ತಡೆದುಕೊಂಡ ದೋಣಿಗೆ ಮ್ಯೂಸಿಯಂ ತಡೆಯಲಾಗಲಿಲ್ಲ, ನೋಡಿ.

ಡಾಕ್ಟರು (ಮೂರು ವಾರದ ನಂತರ): ಸರ್, ಮಿರರ್ ಓಡಿಸುವವರ ಒಂದು ಗುಂಪಿನಲ್ಲಿ ನಂಬರ್ ಹಾಕಿದ್ದೆ. ಸಫೋಕಿನಿಂದ ಒಬ್ಬರು ಬರೆದರು. ಕೊನೆ ಅಂಕಿ 8. "ನಿಮ್ಮ ದೋಣಿ ನನ್ನ ಹತ್ತಿರ ಇದೆ" ಅಂದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ನೀವು ಹೇಳಿದ ಹಾಗೆ ಕೂರುವ ಹಲಗೆಯ ಅಡಿಭಾಗದ ಫೋಟೋ ಕೇಳಿದೆ. ಬಂತು. ಅಲ್ಲಿ ಏನೂ ಇಲ್ಲ. ಹೊಸ ವಾರ್ನಿಷ್ ಕೂಡ ಅಲ್ಲ, ಹಳೆಯದೇ. ಮಗಳು ಕೈವಾರದ ಮೊನೆಯಲ್ಲಿ ಕೆತ್ತಿದ್ದ ಮೀನು ಇಲ್ಲ. (ಇನ್ನು ಹೇಳಿದರೆ ತೊಂದರೆ ಇಲ್ಲ ಅಂದುಕೊಂಡೆ.)

ಉತ್ತರ: ತೊಂದರೆ ಇದೆ, ಆದರೂ ಇರಲಿ. ಆ ದೋಣಿಯ ಒಳಗಡೆ ಎಲ್ಲಾದರೂ ಕೆತ್ತಿದ ನಂಬರ್ ಇದೆಯಾ ಕೇಳಿ. ಹಾಯಿಯದಕ್ಕೂ ಅದಕ್ಕೂ ಹೊಂದುತ್ತದಾ ನೋಡಲಿ.

ಡಾಕ್ಟರು: ಕೇಳಿದೆ. ಹೊಂದುವುದಿಲ್ಲ. ಬೇರೆ ನಂಬರ್.

ಉತ್ತರ: ಹಾಗಾದರೆ ಅವರು ಸುಳ್ಳು ಹೇಳಿಲ್ಲ. ದೋಣಿ ಬೇರೆಯದು, ಹಾಯಿ ನಿಮ್ಮದಿರಬಹುದು. ಹಳೆ ಹಾಯಿಗಳು ಬಿಡಿಯಾಗಿ ಕೈ ಬದಲಾಗುತ್ತವೆ, ಕೊಂಡವರು ನಂಬರ್ ಕಿತ್ತು ಹಾಕುವ ಗೋಜಿಗೆ ಹೋಗುವುದಿಲ್ಲ. ಅದಕ್ಕೇ ಒಡಲಿನ ನಂಬರ್ ನೋಡದೆ ದುಡ್ಡು ಕೊಡಬಾರದು ಅನ್ನುವುದು. ಹಾಯಿಯಲ್ಲಿ ನಿಮ್ಮ ಕಾಲದ ರಿಪೇರಿ ಏನಾದರೂ ಇತ್ತಾ?

ಡಾಕ್ಟರು: ಇತ್ತು! 1990ರಲ್ಲಿ ತುದಿಯ ಹತ್ತಿರ ಒಂದು ಗೇಣು ಹರಿದಿತ್ತು. ಹೆಂಡತಿ ಮನೆಯ ಸಿಂಗರ್ ಮಿಷನ್ನಿನಲ್ಲಿ ಸೀರೆಗೆ ಫಾಲ್ ಹಚ್ಚುವ ಮೆರೂನ್ ದಾರ ಹಾಕಿ ಹೊಲಿದಿದ್ದಳು. ಅವರು ಈಗಷ್ಟೇ ಫೋಟೋ ಕಳಿಸಿದರು. ಕೆಂಪು ಬಟ್ಟೆ ಬಿಸಿಲಿಗೆ ಕಿತ್ತಳೆ ಆಗಿದೆ, ದಾರ ಮಾತ್ರ ಹಾಗೇ ಮೆರೂನ್. ಕೊನೆಯಲ್ಲಿ ಹೊಲಿಗೆ ಸ್ವಲ್ಪ ಸೊಟ್ಟ ಹೋಗಿದೆ. "ಅವತ್ತು ನೀವು ಬೇಗ ಬೇಗ ಅಂತ ಅರ್ಜೆಂಟ್ ಮಾಡಿದಿರಿ" ಅಂತ ಈಗ ನನಗೇ ಬೈಯುತ್ತಿದ್ದಾಳೆ.

ಉತ್ತರ: ಹಾಯಿ ನಿಮ್ಮದೇ, ಸಂಶಯ ಬೇಡ. ಈಗ ಅವರನ್ನು ಎರಡು ವಿಷಯ ಕೇಳಿ: ಯಾರಿಂದ ಕೊಂಡರು, ಯಾವ ವರ್ಷ. ಹಾಯಿ ಮಾತ್ರ ಮಾರಿದ್ದಾರೆ ಅಂದರೆ ದೋಣಿ ಮುರಿದು ಹೋಗಿರಬೇಕು, ಇಲ್ಲವೇ ಹೊಸ ಹಾಯಿ ಹಾಕಿಸುವಷ್ಟು ಅದು ಗಟ್ಟಿಯಾಗಿದ್ದಿರಬೇಕು. ಎರಡನೆಯದಾದರೆ ಹೊಸ ಹಾಯಿಯ ಮೇಲೂ ಅದೇ ನಂಬರ್ ಇರುತ್ತದೆ. ಹುಡುಕಾಟ ನಿಲ್ಲಿಸಬೇಡಿ.

ಡಾಕ್ಟರು: ಔಲ್ಟನ್ ಬ್ರಾಡ್ ಹತ್ತಿರ ಹಳೆ ಸಾಮಾನಿನ ಸಂತೆಯಲ್ಲಿ, ಒಬ್ಬ ಹೆಂಗಸಿನಿಂದ ಕೊಂಡರಂತೆ. ಹೆಸರು ಬರೆದುಕೊಂಡಿದ್ದೇನೆ, ಇವತ್ತೇ ಕಾಗದ ಹಾಕುತ್ತೇನೆ. ಹಾಯಿಗೆ ಇವರು ಹದಿನೈದು ಪೌಂಡ್ ಕೇಳಿದ್ದಾರೆ. ಹತ್ತಕ್ಕೆ ಕೇಳೋಣವಾ ಅಂದರೆ, ಚೌಕಾಸಿ ಮಾಡಿದರೆ ನೋಡಿ ಅಂತಿದ್ದಾಳೆ ಹೆಂಡತಿ.