ಸ್ಟಾಪ್ ಮೋಷನ್ ವಿಡಿಯೋದಲ್ಲಿ ಬೆಳಕು ಯಾಕೆ ಮಿಣಮಿಣ ಅನ್ನುತ್ತದೆ?

ಎತ್ತಿನಗಾಡಿ:
ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದ ಎತ್ತಿನ ಗಾಡಿ ಗೊಂಬೆ ಇಟ್ಟುಕೊಂಡು ಫೋನಿನಲ್ಲಿ ಸ್ಟಾಪ್ ಮೋಷನ್ ಮಾಡುತ್ತಿದ್ದೇನೆ, ಅಂದರೆ ಗೊಂಬೆಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಫೋಟೋ ತೆಗೆದು ವಿಡಿಯೋ ಆಗಿ ಜೋಡಿಸೋದು. ಗಾಡಿ ಸಂತೆಗೆ ಹೊರಡುತ್ತದೆ, ದಾರೀಲಿ ಚಕ್ರ ಕಳಚಿಕೊಳ್ಳುತ್ತದೆ, ಅಷ್ಟೇ ಕಥೆ. ಫೋಟೋಗಳನ್ನು ಒಂದೊಂದಾಗಿ ನೋಡಿದರೆ ಚೆನ್ನಾಗಿವೆ, ಆದರೆ ಜೋಡಿಸಿ ಓಡಿಸಿದ ತಕ್ಷಣ ಬೆಳಕು ಒಂದೇ ಸಮನೆ ಹೆಚ್ಚು ಕಡಿಮೆ ಆಗುತ್ತದೆ, ಗಾಡಿ ಕೂಡ ಜಗ್ಗಿ ಜಗ್ಗಿ ಹೋಗುತ್ತದೆ. ಈಗ ಸೆಕೆಂಡಿಗೆ 12 ಫ್ರೇಮ್ (ಫೋಟೋ) ಇದೆ. 24 ಮಾಡಿದರೆ ಸರಿಹೋಗುತ್ತಾ? ಇಷ್ಟು ಸಣ್ಣ ಕಥೆಯನ್ನು ಯೂಟ್ಯೂಬಿಗೆ ಹಾಕಬಹುದಾ ಅನ್ನೋದೂ ಒಂದು ಯೋಚನೆ.

ಕತ್ತಲೆಕೋಣೆ:
24 ಬೇಡ. ಒಂದು ನಿಮಿಷಕ್ಕೆ 720 ಫೋಟೋ ಸಾಕಾಗುವ ಕಡೆ 1440 ತೆಗೆಯಬೇಕಾಗುತ್ತದೆ, ಮಿಣಮಿಣ ಮಾತ್ರ ಹಾಗೇ ಇರುತ್ತದೆ. ನಿಮ್ಮ ಫೋನ್ ಪ್ರತಿ ಫೋಟೋಗೂ ಬೆಳಕನ್ನು ಹೊಸದಾಗಿ ಲೆಕ್ಕ ಹಾಕುತ್ತಿದೆ. ನೀವು ಕೈ ಚಾಚಿ ಗಾಡಿ ಸರಿಸಿದಾಗಲೆಲ್ಲ ಅದರ ಲೆಕ್ಕ ಬದಲಾಗುತ್ತದೆ. ಫೋಕಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು), ಶಟರ್ (ಎಷ್ಟು ಹೊತ್ತು ಬೆಳಕು ಒಳಗೆ ಬಿಡಬೇಕು ಅನ್ನೋದು), ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸೋದು) ನಾಲ್ಕನ್ನೂ ಮ್ಯಾನ್ಯುಯಲ್‌ನಲ್ಲಿ ಲಾಕ್ ಮಾಡಿ. ವೈಟ್ ಬ್ಯಾಲೆನ್ಸ್ ಒಂದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಬಣ್ಣ ಹಳದಿಗೂ ನೀಲಿಗೂ ಓಡಾಡುತ್ತದೆ.

ಕಿಟಕಿ ಬೆಳಕಲ್ಲಿ ತೆಗೆಯುತ್ತಿದ್ದರೆ ಪರದೆ ಎಳೆದುಬಿಡಿ. ಒಂದು ಮೋಡ ಹಾದುಹೋದರೂ ಸಾಕು, ವಿಡಿಯೋದಲ್ಲಿ ಎದ್ದು ಕಾಣುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ಎಲ್ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಬೇಗ ಮುಚ್ಚಿದರೆ ಒಂದು ಫೋಟೋಗೆ ಜಾಸ್ತಿ ಬೆಳಕು, ಇನ್ನೊಂದಕ್ಕೆ ಕಡಿಮೆ. ಗೊಂಬೆ ಅಲ್ಲಾಡುವುದಿಲ್ಲ ಅಲ್ವಾ, ಟ್ರೈಪಾಡ್ ಇದ್ದರೆ ಧೈರ್ಯವಾಗಿ 1/10 ಸೆಕೆಂಡ್ ಇಡಿ.

ಚನ್ನಪಟ್ಟಣದ ಗೊಂಬೆ ಅಂದಿರಿ, ಅದಕ್ಕೇ ಇದನ್ನೂ ಹೇಳುತ್ತೇನೆ. ಆ ಅರಗಿನ ಹೊಳಪು ಕನ್ನಡಿ ಥರ ಕೆಲಸ ಮಾಡುತ್ತದೆ. ಎತ್ತಿನ ಬೆನ್ನನ್ನು ಜೂಮ್ ಮಾಡಿ ನೋಡಿ, ನಿಮ್ಮ ಅಂಗಿ ಕಂಡರೂ ಕಾಣಬಹುದು. ಕಪ್ಪು ಅಂಗಿ ಹಾಕಿಕೊಳ್ಳಿ, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಕ್ಲಿಕ್ ಮಾಡಿ, ದೀಪಕ್ಕೆ ಅಡ್ಡ ಟ್ರೇಸಿಂಗ್ ಪೇಪರ್ ಹಿಡಿಸಿ.

ಮಲೆನಾಡ್ ಹುಡ್ಗಿ:
ಜಗ್ಗೋದರ ಬಗ್ಗೆ ನಾನು ಹೇಳುತ್ತೇನೆ. ನೀವು ಬಹುಶಃ ಶುರುವಿನಿಂದಲೇ ಗಾಡಿಯನ್ನು ಒಂದೇ ಅಳತೆಯಲ್ಲಿ ಸರಿಸುತ್ತಿದ್ದೀರಿ. ನಿಂತ ಗಾಡಿ ಒಮ್ಮೆಲೇ ವೇಗ ಹಿಡಿಯಲ್ಲ. ಮೊದಲು 1 ಮಿಲಿಮೀಟರ್, ಆಮೇಲೆ 2, ಆಮೇಲೆ 4, ಅಲ್ಲಿಂದ ಒಂದೇ ಸಮ. ನಿಲ್ಲಿಸುವಾಗ ಇದೇ ಲೆಕ್ಕ ಉಲ್ಟಾ. ಕ್ಯಾಮೆರಾಗೆ ಕಾಣದ ಕಡೆ ಮೇಜಿಗೆ ಒಂದು ಸ್ಕೇಲ್ ಅಂಟಿಸಿಕೊಳ್ಳಿ. ಗಾಡಿ ಮುಂದೆ ಹೋದಷ್ಟೂ ಚಕ್ರ ಕೂಡ ಉರುಳಲೇಬೇಕು, ಚಕ್ರ ತಿರುಗದೆ ಗಾಡಿ ಜಾರಿದರೆ ನೋಡುವವರಿಗೆ ಎಲ್ಲೋ ತಪ್ಪಿದೆ ಅಂತ ತಕ್ಷಣ ಅನ್ನಿಸುತ್ತದೆ. ಸ್ಟಾಪ್ ಮೋಷನ್ ಸ್ಟುಡಿಯೋ ಆ್ಯಪ್‌ನಲ್ಲಿ ಆನಿಯನ್ ಸ್ಕಿನ್ ಆನ್ ಮಾಡಿದರೆ ಹಿಂದಿನ ಫ್ರೇಮ್ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಅಳತೆ ಹಿಡಿಯೋದು ಸುಲಭ.

ಕಥೆ ಸಣ್ಣದು ಅಂತ ಹಿಂಜರಿಯಬೇಡಿ. ಭಾರತೀಯ ಸಿನಿಮಾದ ಪಿತಾಮಹ ದಾದಾಸಾಹೇಬ್ ಫಾಲ್ಕೆಯವರು 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ಮೊದಲು ಬಟಾಣಿ ಗಿಡ ಬೆಳೆಯೋದನ್ನು ಬಿಡಿ ಬಿಡಿ ಫ್ರೇಮ್‌ಗಳಲ್ಲಿ ತೆಗೆದು ತೋರಿಸಿದ್ದರು. ಸಿನಿಮಾಗೆ ದುಡ್ಡು ಹುಟ್ಟಿಸಿಕೊಟ್ಟಿದ್ದೇ ಆ ಪುಟ್ಟ ಚಿತ್ರ. ನಿಮ್ಮದರಲ್ಲಿ ಚಕ್ರ ಬೇರೆ ಕಳಚುತ್ತದೆ, ಧಾರಾಳವಾಗಿ ಹಾಕಿ!

ಹಾಕುವಾಗ ಎರಡು ವಿಷಯ ನೋಡಿಕೊಳ್ಳಿ. ಸಿನಿಮಾ ಹಾಡು ಸೇರಿಸಿದರೆ ಕಾಪಿರೈಟ್ ಕ್ಲೇಮ್ ಬರುತ್ತದೆ, ಅದಕ್ಕಿಂತ ನಿಜವಾದ ಗೆಜ್ಜೆ ಸದ್ದನ್ನು ನೀವೇ ರೆಕಾರ್ಡ್ ಮಾಡಿ, ಎಷ್ಟೋ ಚೆಂದ. ಇನ್ನು ಮಕ್ಕಳಿಗಾಗಿ ಮಾಡಿದ್ದಾ ಅಂತ ಯೂಟ್ಯೂಬ್ ಕೇಳುತ್ತದೆ. ಹೌದು ಅಂದರೆ ಕಾಮೆಂಟ್ ಬಂದ್ ಆಗುತ್ತದೆ. ಗೊಂಬೆ ಇದ್ದ ಮಾತ್ರಕ್ಕೆ ಅದು ಮಕ್ಕಳ ವಿಡಿಯೋ ಆಗಲ್ಲ, ಯಾರಿಗೋಸ್ಕರ ಮಾಡಿದ್ದೀರಿ ಅಂತ ಯೋಚಿಸಿ ಉತ್ತರ ಕೊಡಿ.

ಎತ್ತಿನಗಾಡಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾಳೆ ಪರದೆ ಎಳೆದು ಮತ್ತೆ ಶುರು ಮಾಡುತ್ತೇನೆ. ಇನ್ನೊಂದೇ ಡೌಟು: ಚಕ್ರ ಕಳಚಿ ಗಾಳಿಯಲ್ಲಿ ಹಾರೋದನ್ನು ಹೇಗೆ ತೆಗೆಯೋದು?

ಕತ್ತಲೆಕೋಣೆ:
ಮೊದಲು ಗಾಡಿ, ಚಕ್ರ ಏನೂ ಇಲ್ಲದ ಖಾಲಿ ಜಾಗದ ಫೋಟೋ ಒಂದು ತೆಗೆದಿಟ್ಟುಕೊಳ್ಳಿ, ಇದೇ ಲಾಕ್ ಸೆಟ್ಟಿಂಗ್‌ನಲ್ಲಿ. ಆಮೇಲೆ ಗಟ್ಟಿ ತಂತಿಯ ತುದಿಗೆ ಸ್ವಲ್ಪ ಬ್ಲೂ ಟ್ಯಾಕ್ (ಮತ್ತೆ ಕಿತ್ತು ತೆಗೆಯಬಹುದಾದ ಅಂಟಿನ ಮುದ್ದೆ) ಹಾಕಿ ಚಕ್ರವನ್ನು ಹಿಂದಿನಿಂದ ಹಿಡಿಸಿ. ಎಡಿಟ್ ಮಾಡುವಾಗ ಆ ಖಾಲಿ ಫೋಟೋವನ್ನು ಕೆಳಗಿನ ಪದರದಲ್ಲಿಟ್ಟು, ಮೇಲಿನ ಫೋಟೋದಲ್ಲಿ ತಂತಿ ಕಾಣುವ ಜಾಗವನ್ನಷ್ಟೇ ಅಳಿಸಿದರೆ ಕೆಳಗಿನ ಖಾಲಿ ಫೋಟೋ ಕಾಣುತ್ತದೆ. ತಂತಿಯ ನೆರಳು ಗಾಡಿಯ ಮೇಲೆ ಬೀಳದ ಹಾಗೆ ದೀಪ ಇಡಿ, ಅದನ್ನು ಅಳಿಸೋದು ಮಾತ್ರ ನಿಜಕ್ಕೂ ಕಷ್ಟ.