ಸಹಾಯ ಬೇಕು: ಮೂತ್ರಕೋಶದ ಕಲ್ಲು ತೆಗೆಸಿದ ಮೇಲೆ ಗಿನಿಪಿಗ್ ಹುಲ್ಲು ಮುಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ನಮ್ಮ ಗಿನಿಪಿಗ್ ಗುಂಡನಿಗೆ ಮೊನ್ನೆ ಶಸ್ತ್ರಚಿಕಿತ್ಸೆ ಮಾಡಿ, ಮೂತ್ರಕೋಶದಿಂದ ಕಡಲೆಕಾಳಿನಷ್ಟು ದಪ್ಪ ಕಲ್ಲು ತೆಗೆದಿದ್ದಾರೆ. ಹೊಲಿಗೆಯ ಸುತ್ತ ಬಾವು, ಕೀವು ಏನೂ ಇಲ್ಲ. ಮೂತ್ರ ಮಾಡುವಾಗ ಈಗಲೂ ಬೆನ್ನು ಗೂನು ಮಾಡಿ ಕಿರುಗುಟ್ಟುತ್ತಾನೆ. ಹಾಸಿದ ಬಿಳಿ ಬಟ್ಟೆಯ ಮೇಲೆ ತೆಳು ಗುಲಾಬಿ ಕಲೆ ಬೀಳುತ್ತದೆ. ಕೆಲವು ದಿನ ಹೀಗಿರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ನನಗೆ ಅದಕ್ಕಿಂತ ಅವನ ಊಟದ್ದೇ ಚಿಂತೆ.

ಹಸಿ ಗರಿಕೆಯ ಒಂದೆರಡು ಎಸಳು ಕಚ್ಚುತ್ತಾನೆ, ಒಣಹುಲ್ಲು ಮೂಸಿ ಮುಖ ತಿರುಗಿಸುತ್ತಾನೆ. ಹೊಟ್ಟೆ ಖಾಲಿ ಬಿದ್ದರೆ ಇವುಗಳ ಕರುಳಿನ ಚಲನೆಯೇ ನಿಂತುಹೋಗುತ್ತದೆ. ಹಾಗಾಗಿ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ನೆನೆಸಿ ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ರಾತ್ರಿಯೂ ಎದ್ದು ತಿನ್ನಿಸುತ್ತಿದ್ದೇವೆ. ಅರ್ಧ ನನ್ನ ಅಂಗಿಯ ಪಾಲು! ನೋವಿಗೆ ಕೊಟ್ಟ ಮೆಲಾಕ್ಸಿಕಾಮ್ ತಪ್ಪಿಸಿಲ್ಲ. ಆದರೂ ತೂಕ ಇಳಿಯುತ್ತಿದೆ. ನಾಳೆ ಮತ್ತೆ ವೈದ್ಯರಿಗೆ ತೋರಿಸುತ್ತೇವೆ.

ಇಂಥ ಆರೈಕೆ ಮಾಡಿದವರು ದಯವಿಟ್ಟು ತಿಳಿಸಿ: ಸಿರಿಂಜಿನಿಂದ ಮತ್ತೆ ಹುಲ್ಲಿಗೆ ಹೇಗೆ ಒಗ್ಗಿಸಿದಿರಿ? ಹೊಸದಾದ ತಿಮೋತಿ ಹುಲ್ಲು (ಗಿನಿಪಿಗ್‌ಗೆ ಕೊಡುವ ಒಂದು ಬಗೆಯ ಒಣಹುಲ್ಲು) ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ? ಕಲ್ಲು ಕ್ಯಾಲ್ಸಿಯಂನದ್ದಾದ್ದರಿಂದ ಕುದುರೆ ಮಸಾಲೆ ಸೊಪ್ಪು, ಪಾಲಕ್ ಎರಡನ್ನೂ ನಿಲ್ಲಿಸಿದ್ದಾಯಿತು. ವಿಟಮಿನ್ ಸಿಗೆ ದೊಣ್ಣೆಮೆಣಸಿನಕಾಯಿ ಸಾಕೇ, ಹನಿ ಔಷಧಿಯೂ ಬೇಕೇ?

ಅಮಾಕ್ಸಿಸಿಲಿನ್ ಕೊಡಿ ಎಂದು ಮಾತ್ರ ಯಾರೂ ಹೇಳಬೇಡಿ. ಪೆನಿಸಿಲಿನ್ ಗುಂಪಿನ ಔಷಧಿ ಬಾಯಿಂದ ಹೋದರೆ ಗಿನಿಪಿಗ್‌ಗಳ ಜೀವಕ್ಕೇ ಅಪಾಯ.