ಪದಚರ್ಚೆ: ಸರಿಯದ ಸಂಜೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಹೈಸ್ಕೂಲ್ ಮಕ್ಕಳಿಗೆ ದೂರದ ಗ್ರಹಗಳ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಗಾಡಿ ನಿಂತಿದೆ.

ಗ್ರಹದ ಹೆಸರು ಟ್ರಾಪಿಸ್ಟ್-1ಇ. ನಮ್ಮಿಂದ ಸುಮಾರು 40 ಜ್ಯೋತಿರ್ವರ್ಷ ದೂರ. ಅದರ ಸೂರ್ಯ ಒಂದು ಕೆಂಪು ಕುಬ್ಜ, ಅಂದ್ರೆ ನಮ್ಮ ಸೂರ್ಯನಿಗಿಂತ ತುಂಬಾ ಚಿಕ್ಕ, ಮಂಕು ಕೆಂಪು ನಕ್ಷತ್ರ. ಅದಕ್ಕೆ ಎಷ್ಟು ಹತ್ತಿರ ಸುತ್ತುತ್ತದೆ ಅಂದ್ರೆ, ಅಲ್ಲಿನ ಒಂದು ವರ್ಷ ನಮ್ಮ 6 ದಿನ ಚಿಲ್ಲರೆಗೇ ಮುಗಿಯುತ್ತದೆ. ಚಂದ್ರ ನಮಗೆ ಒಂದೇ ಮುಖ ತೋರಿಸುತ್ತಾನಲ್ಲ, ಇದೂ ತನ್ನ ಸೂರ್ಯನಿಗೆ ಹಾಗೇ ಇರುವ ಸಾಧ್ಯತೆ ಜಾಸ್ತಿ. ಒಂದು ಮಗ್ಗುಲು ಸದಾ ಹಗಲು, ಇನ್ನೊಂದು ಸದಾ ಇರುಳು. ನಡುವೆ ಇಡೀ ಗ್ರಹವನ್ನು ಬಳಸಿದ ಒಂದು ಪಟ್ಟಿ. ಅಲ್ಲಿ ನಿಂತರೆ ನಮ್ಮ ಸೂರ್ಯನ ಸುಮಾರು 4 ಪಟ್ಟು ಅಗಲದ ಕೆಂಪು ಬಿಂಬ ಬಾನಂಚಿನಲ್ಲಿ ಕೂತೇ ಇರುತ್ತದೆ. ಗಾಳಿಯ ಹೊದಿಕೆ ಇದ್ದರೆ, ಬಿಸಿಲ ಕಡೆ ಗಾಳಿ ಕಾದು ಮೇಲೇರುತ್ತದೆ, ಇರುಳ ಕಡೆಯ ತಣ್ಣನೆ ಗಾಳಿ ನೆಲ ಹಿಡಿದು ಬೀಸುತ್ತಲೇ ಇರುತ್ತದೆ.

ಈ ಪಟ್ಟಿಗೆ ಏನನ್ನೋಣ? ಮುಸ್ಸಂಜೆ, ಬೈಗು, ನಸುಕು, ಎಲ್ಲವೂ ಹೊತ್ತಿನ ಹೆಸರು. ನನಗೆ ಬೇಕಿರುವುದು ಜಾಗದ ಹೆಸರು. 'ಹೊತ್ತು' ಅಂದರೆ ನಮಗೆ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಮುಳುಗಿತು ಅಂತೀವಲ್ಲ. ಅಲ್ಲಿ ಹೊತ್ತು ಇದೆ, ಹೊತ್ತು ಹೋಗುವುದಿಲ್ಲ! ದಿಕ್ಕುಗಳದ್ದೂ ಇದೇ ಪಾಡು. ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಎರಡೂ ಅಲ್ಲಿ ಕೆಲಸಕ್ಕೆ ಬಾರವು. ತೆಂಕಣ, ಬಡಗಣ ಮಾತ್ರ ಬಚಾವ್. ಸದ್ಯಕ್ಕೆ ಬಿಸಿಲುಗಡೆ, ಇರುಳುಗಡೆ ಅಂತ ಬರೆದಿಟ್ಟಿದ್ದೇನೆ.

'ಸಂಧ್ಯಾವಲಯ' ಅಂತ ಕಟ್ಟಬಹುದು. ಆದರೆ ಮಕ್ಕಳು ಅದನ್ನು ಸುಮ್ನೆ ಬಾಯಿಪಾಠ ಮಾಡಿ ಬಿಡುತ್ತಾರೆ. ನನ್ನ ಮನಸ್ಸು 'ಸಂಜೆಸೆರಗು' ಕಡೆ ವಾಲಿದೆ. ಶಿವಮೊಗ್ಗ, ಶಿಕಾರಿಪುರದ ಕಡೆಯನ್ನು ಮಲೆನಾಡಿನ ಸೆರಗು, ಅರೆಮಲೆನಾಡು ಅಂತೀವಿ. ಇಂಥ ಊರಿಗೇ ಮಲೆನಾಡು ಮುಗಿಯಿತು ಅಂತ ಗೆರೆ ಎಳೆಯಲು ಆಗುತ್ತಾ? ಆ ಗ್ರಹದಲ್ಲೂ ಅಷ್ಟೇ, ಗಾಳಿಯಲ್ಲಿ ಬೆಳಕು ಚದುರಿ ಪಟ್ಟಿಗೆ ಒಂದಿಷ್ಟು ಅಗಲ ಬರುತ್ತದೆ. ಆದರೆ 'ಸಂಜೆಸೆರಗು' ಸೀರೆ ಅಂಗಡಿ ಹೆಸರಿನ ಹಾಗಿದೆ ಅಂತ ಮನೆಯಲ್ಲಿ ತಕರಾರು. ಹಾಗಾದರೆ 'ಸಂಜೆಸೀಮೆ'?

ಸಾಗರ, ಹೊಸನಗರ ಕಡೆಯ ತೋಟದವರನ್ನು ಕೇಳಬೇಕು: ಗುಡ್ಡದ ಓರೆಯಲ್ಲಿ ಬಿಸಿಲೂ ಬೀಳದ, ಪೂರ್ತಿ ನೆರಳೂ ಆಗದ ಜಾಗಕ್ಕೆ ನಿಮ್ಮಲ್ಲಿ ಏನಾದರೂ ಹೆಸರಿದೆಯಾ? ಇದ್ದರೆ ಹೊಸದು ಕಟ್ಟುವ ಕೆಲಸವೇ ಇಲ್ಲ. ಹವ್ಯಕ ಮಾತಿನದಾದರೂ ಸರಿ.